ಗ್ರಾಫ್ ಹಾಳೆಯ ಮೇಲಿನ ಎಣ್ಣೆ ಕಲೆ

ಮೊನ್ನೆ ಶುಕ್ರವಾರ ಪೆಟ್ಟಿಗೆ ಜೋಡಿಸುವಾಗ ಹಳೆಯ ಡೈರಿಯೊಂದರಿಂದ ಅಂಗೈಯಗಲದ ಗ್ರಾಫ್ ಹಾಳೆ ಜಾರಿ ಬಿತ್ತು. ನಡುವೆ ಒಂದು ಎಣ್ಣೆ ಕಲೆ. ಕಲೆಯ ಅಂಚಿನ ಸುತ್ತ ಪೆನ್ಸಿಲಿನ ಗೆರೆ, ಯಾವುದೋ ದ್ವೀಪದ ನಕ್ಷೆಯ ಹಾಗೆ. ಮೂಲೆಯಲ್ಲಿ ನನ್ನದೇ ಅಕ್ಷರ: ‘ಕೋಳಿ, ತುಳಸಿ, ಅನ್ನ. ಮಂಗಳವಾರ. ಚೌಕ ಇಪ್ಪತ್ಮೂರು.’

ಬೇರೆಯವರ ಪೆಟ್ಟಿಗೆಯಲ್ಲಿ ಹಳೆಯ ಫೋಟೋ ಸಿಗುತ್ತದೆ, ಒಣಗಿದ ಹೂವು ಸಿಗುತ್ತದೆ. ನನಗೆ ಸಿಗುವುದು ಇಂಥದ್ದು. ಮೂಗಿನ ಹತ್ತಿರ ತಂದೆ. ಇಷ್ಟು ವರ್ಷವಾದರೂ ಬೆಳ್ಳುಳ್ಳಿಯ ವಾಸನೆ ಪೂರ್ತಿ ಹೋಗಿಲ್ಲ. ಪೆಟ್ಟಿಗೆ ಜೋಡಿಸುವ ಕೆಲಸ ಅಲ್ಲಿಗೇ ನಿಂತಿತು.

ಎಣಿಸುವುದು ನನ್ನ ಚಾಳಿ. ಮಸ್ಕತ್ತಿನ ಹೊರವಲಯದ ಅಲ್ ಅಮೇರಾತಿನ ನಮ್ಮ ಮನೆಗೆ ಮೆಟ್ಟಿಲು ಮೂವತ್ತೆಂಟು. ಅಲ್ಲಿಂದ ಅಲ್ ಖುವೈರ್‌ನ ಆಫೀಸಿಗೆ ಹೋಗುವ ಕಂಪನಿ ವ್ಯಾನು ಏಳು ಕಡೆ ನಿಲ್ಲುತ್ತದೆ, ಯಾರಾದರೂ ಮಲಗಿಬಿಟ್ಟಿದ್ದರೆ ಆರು. ಗೆಳೆಯರ ಮದುವೆಗೆ ಹೋದರೆ ವಧುವನ್ನು ನೋಡುವ ಮೊದಲು ಎಲೆಗೆ ಎಷ್ಟು ಬಗೆ ಬಿತ್ತು ಎಂದು ನೋಡುತ್ತೇನೆ. ಇದನ್ನೆಲ್ಲ ಡೈರಿಯಲ್ಲಿ ಬರೆದಿಡದಿದ್ದರೆ ಆ ದಿನ ಹಲ್ಲುಜ್ಜದ ಹಾಗೆ ಅನಿಸುತ್ತದೆ. ಹಾಗೆ ಬರೆದದ್ದರಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳಬೇಡಿ. ಅದರ ಉತ್ತರಕ್ಕೆ ನಾನು ಅಂಕಣ ಬಿಟ್ಟಿಲ್ಲ.

ಈ ಚಾಳಿ ಹತ್ತಿದ್ದು ಅಮ್ಮನಿಂದ. ನನಗೆ ಒಂಬತ್ತು ವರ್ಷವಿದ್ದಾಗ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲ ಅರಿಶಿನ. ನಂಜನಗೂಡಿನ ಡಾಕ್ಟರು ಎಣ್ಣೆ, ತುಪ್ಪ, ಖಾರ ಯಾವುದೂ ಬೇಡ, ಗಂಜಿ ಮಾತ್ರ ಎಂದರು. ಅಮ್ಮ ಅಡಿಗೆಮನೆಯ ಬಾಗಿಲ ಹಿಂದೆ ಇದ್ದಿಲಿನಲ್ಲಿ ಗೆರೆ ಹಾಕತೊಡಗಿದಳು. ಒಂದು ದಿನದ ಗಂಜಿಗೆ ಒಂದು ಗೆರೆ. ನಾಲ್ಕು ಗೆರೆ ನಿಂತ ಮೇಲೆ ಐದನೆಯದು ಅಡ್ಡ. ನಾನು ಹಾಸಿಗೆಯಲ್ಲಿ ಮಲಗಿ ಆ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದೆ, ಗೆರೆ ಎಷ್ಟಾಯಿತು ಎಂದು ನೋಡಲು. ಅಣ್ಣ ಅಕ್ಕಂದಿರು ಪಕ್ಕದ ಕೋಣೆಯಲ್ಲಿ ಒಗ್ಗರಣೆಯ ಚಿತ್ರಾನ್ನ ತಿನ್ನುವ ಸದ್ದು ಕೇಳುತ್ತಿತ್ತು. ಚಿತ್ರಾನ್ನಕ್ಕೆ ಸದ್ದಿದೆಯೇ ಎಂದರೆ, ಇದೆ. ಕಡಲೆಬೀಜಕ್ಕಿದೆ. ನಲವತ್ತೊಂದನೆಯ ಗೆರೆಯ ದಿನ ಅಮ್ಮ ನನ್ನ ತಟ್ಟೆಗೆ ಎರಡು ಚಮಚ ಚಿತ್ರಾನ್ನ ಹಾಕಿದಳು. ಇನ್ನು ಜನ್ಮದಲ್ಲಿ ಗಂಜಿ ಮುಟ್ಟುವುದಿಲ್ಲ ಎಂದು ಅವತ್ತೇ ಶಪಥ ಮಾಡಿದೆ.

ನಾನು ಮರೆತರೂ ಅಮ್ಮ ಆ ಕಾಮಾಲೆಯನ್ನು ಮರೆಯಲಿಲ್ಲ. ತೊಂಬತ್ತರ ದಶಕದ ಮೊದಲಿಗೆ ಮಸ್ಕತ್ತಿನ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದಾಗ ಮನೆಯಲ್ಲಿ ಎಲ್ಲರೂ ಕುಣಿದರು. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು.

"ಅಲ್ಲಿ ಊಟಕ್ಕೇನು ಮಾಡ್ತೀಯೋ?"

"ಮಾಡ್ಕೊಂಡು ತಿಂತೀನಮ್ಮ."

"ನೀನು? ನೀರು ಕಾಯ್ಸಿದ್ರೆ ತಳ ಹಿಡಿಸ್ತೀಯ. ನೋಡು, ಹೊರಗಿಂದು ವಾರಕ್ಕೆ ಎರಡೇ ಸಲ. ಪ್ರತಿ ಕಾಗದದಲ್ಲೂ ಎಷ್ಟು ಸಲ ಅಂತ ಬರಿ. ಜಾಸ್ತಿ ಆಯ್ತು ಅಂದ್ರೆ ಗಂಟುಮೂಟೆ ಕಟ್ಕೊಂಡು ವಾಪಸ್ ಬಾ. ಇನ್ನೊಂದು ಸಲ ನಿನ್ನ ಕಣ್ಣು ಹಳದಿ ಆದ್ರೆ ಸಮುದ್ರ ದಾಟಿ ಬರಕ್ಕೆ ನನ್ ಕೈಲಾಗಲ್ಲ."

ನನ್ನ ತಲೆಯ ಮೇಲೆ ನನ್ನದೇ ಕೈ ಇಡಿಸಿ ಮಾತು ತೆಗೆದುಕೊಂಡಳು. ಹಾಗೆ ಮಾತು ಕೊಟ್ಟೇ ನಾನು ವಿಮಾನ ಹತ್ತಿದ್ದು.

ಸಂಜೆಯ ಊಟದ ಚಿಂತೆ ಇರಲಿಲ್ಲ. ಮನೆಯಲ್ಲಿ ನನ್ನ ಜೊತೆಗಿದ್ದವರು ಫೆಲಿಕ್ಸಣ್ಣ. ಉಡುಪಿ ಕಡೆಯವರು, ನಮ್ಮ ಕಂಪನಿಯ ಸ್ಟೋರ್‌ಕೀಪರ್. ನನಗಿಂತ ಹದಿನೈದು ವರ್ಷ ದೊಡ್ಡವರು. ಮನೆಯವರೊಂದಿಗೆ ಕೊಂಕಣಿ, ನನ್ನೊಂದಿಗೆ ಕನ್ನಡ, ಮೀನಿನವನೊಂದಿಗೆ ಅವನಿಗೆ ಬೇಕಾದ ಭಾಷೆ. ಅಡಿಗೆ ಅವರದು, ಪಾತ್ರೆ ನನ್ನದು ಎಂದು ಮೊದಲ ದಿನವೇ ಒಪ್ಪಂದವಾಗಿತ್ತು.

ತೊಂದರೆ ಮಧ್ಯಾಹ್ನದ್ದು. ಆಫೀಸು ಒಂದು ಗಂಟೆಗೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಕಾರಿದ್ದವರು ಮನೆಗೆ ಹೋಗಿ ಉಂಡು ಮಲಗಿ ಬರುತ್ತಿದ್ದರು. ನಮ್ಮ ವ್ಯಾನು ಬರುವುದು ಸಂಜೆಗೇ. ಡಬ್ಬಿ ಕಟ್ಟಿಕೊಂಡು ಹೋಗಿ ನೋಡಿದೆ. ಡೈರಿಯ ಪ್ರಕಾರ ಒಯ್ದ ಡಬ್ಬಿ ಹನ್ನೊಂದು, ಹಳಸಿದ್ದು ನಾಲ್ಕು, ವ್ಯಾನಿನಲ್ಲಿ ಮರೆತದ್ದು ಎರಡು. ಮರೆತ ಡಬ್ಬಿಗಳು ಜೂನ್ ತಿಂಗಳಿನವು. ಅವುಗಳ ಮುಚ್ಚಳ ತೆಗೆದ ಡ್ರೈವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಹೀಗೆ ಒಂದು ಮಧ್ಯಾಹ್ನ ಹಸಿದುಕೊಂಡು, ಸಚಿವಾಲಯದ ಕಟ್ಟಡಗಳ ಹಿಂದಿನ ಓಣಿಯಲ್ಲಿ ನೆರಳು ಇರುವ ಕಡೆಯೇ ಹುಡುಕಿ ನಡೆಯುತ್ತಿದ್ದಾಗ ತುಳಸಿಯ ವಾಸನೆ ಬಂತು. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ, ಕಾರುಗಳ ಸಾಲಿನ ನಡುವೆ, ತುಳಸಿ. ಅಮ್ಮ ಬಂದಿದ್ದಾಳೇನೋ ಎಂದು ತಿರುಗಿ ನೋಡಿದೆ.

ಬಂದಿದ್ದವರು ನೋಯ್ ಅಕ್ಕ. ಅಥವಾ, ಅವರು ಮೊದಲಿಂದ ಅಲ್ಲೇ ಇದ್ದರು, ನಾನು ಬಂದೆ. ಥಾಯ್ಲೆಂಡಿನವರು, ನಲವತ್ತರ ಆಸುಪಾಸು, ಗಿಡ್ಡ. ಬೋರ್ಡಿನ ಮೇಲೆ ‘ಕಾಫಿ ಶಾಪ್’ ಎಂದು ಮಾತ್ರ ಇತ್ತು. ಆ ಹೆಸರಿನ ಅಂಗಡಿಗಳಲ್ಲಿ ಇಲ್ಲಿ ಕಾಫಿ ಬಿಟ್ಟು ಎಲ್ಲವೂ ಸಿಗುತ್ತದೆ. ಅವರ ಒಲೆ ಅರ್ಧ ಅಂಗಡಿಯ ಒಳಗೆ, ಅರ್ಧ ಕಾಲುದಾರಿಯ ಮೇಲೆ. ತಮ್ಮೂರಿನ ಬೀದಿ ಗಾಡಿಯಲ್ಲಿ ಹೇಗೆ ನಿಂತು ಮಾಡುತ್ತಿದ್ದರೋ ಹಾಗೇ ಇಲ್ಲಿಯೂ. ದೊಡ್ಡ ಬಾಣಲೆ, ಅದರ ಕೆಳಗೆ ಜೆಟ್ ವಿಮಾನದಂಥ ಉರಿ. ಕಾರಿನಲ್ಲಿ ಬಂದವರು ಹಾರ್ನ್ ಹೊಡೆದರೆ ಪೊಟ್ಟಣ ಕಾರಿಗೇ ಹೋಗುತ್ತಿತ್ತು. ಬಾಗಿಲ ಪಕ್ಕ ಎಣ್ಣೆ ಡಬ್ಬಗಳಲ್ಲಿ ತುಳಸಿ ಬೆಳೆಸಿದ್ದರು. ನಮ್ಮ ಅಂಗಳದ್ದೇ ತುಳಸಿ, ಎಲೆ ಸ್ವಲ್ಪ ದೊಡ್ಡದು. ಬೆಳ್ಳುಳ್ಳಿ, ಹಸಿಮೆಣಸು, ಕೊಚ್ಚಿದ ಕೋಳಿ ಬಾಣಲೆಗೆ ಬಿದ್ದು, ಚಮಚದಲ್ಲಿ ಒಂದಿಷ್ಟು ಮೀನಿನ ಉಪ್ಪುನೀರು, ಒಂದಿಷ್ಟು ಸಕ್ಕರೆ, ಚಿಟಿಕೆ ರುಚಿ ಹೆಚ್ಚಿಸುವ ಬಿಳಿಪುಡಿ, ಕೊನೆಗೆ ಹಿಡಿ ತುಳಸಿ. ಅನ್ನದ ಮೇಲೆ ಹಾಕಿ, ಮೇಲೊಂದು ಮೊಟ್ಟೆ ಹೊರಿಸಿ ಕೊಟ್ಟರು.

ಒಂದು ತುತ್ತು ತಿಂದೆ. ಆಮೇಲೆ ನಾನು ಎಣಿಸಲಿಲ್ಲ. ನನ್ನ ಜೀವನದಲ್ಲಿ ಎಣಿಸದೆ ತಿಂದ ಮೊದಲ ಊಟ ಅದು.

ಆ ವಾರ ಅಮ್ಮನಿಗೆ ಬರೆದೆ: ‘ಇಲ್ಲಿ ಒಂದು ಕಡೆ ಅನ್ನಕ್ಕೆ ತುಳಸಿ ಹಾಕಿ ಕೊಡುತ್ತಾರೆ.’ ಕೋಳಿಯ ವಿಷಯ ಬರೆಯಲಿಲ್ಲ. ನಮ್ಮ ಮನೆಯಲ್ಲಿ ಕೋಳಿ ತಿನ್ನುತ್ತೇವೆ, ತುಳಸಿಗೆ ನೀರೂ ಹಾಕುತ್ತೇವೆ, ಆದರೆ ಎರಡೂ ಒಂದೇ ಬಾಣಲೆಗೆ ಬರುವುದೆಂದರೆ ಅಮ್ಮ ಯಾರಿಗೆ ಏನೆಂದು ಹೇಳಿಕೊಂಡಾಳು? ‘ತುಳಸಿ ಒಳ್ಳೇದು, ಕೆಮ್ಮಿಗೂ ಆಗತ್ತೆ’ ಎಂದು ಸಂತೋಷದಿಂದ ಉತ್ತರ ಬಂತು. ಜೊತೆಗೆ ಎಂದಿನ ಪ್ರಶ್ನೆ: ಹೊರಗೆ ಎಷ್ಟು ಸಲ?

ಡೈರಿಯಲ್ಲಿ ಆ ವಾರದ ಲೆಕ್ಕ ಆರು. ಕಾಗದದಲ್ಲಿ ಎರಡು ಎಂದು ಬರೆದೆ.

ಮುಂದಿನ ವಾರವೂ ಆರು, ಕಾಗದದಲ್ಲಿ ಎರಡು. ಅದರ ಮುಂದಿನ ವಾರವೂ. ಬೇರೆಯವರು ಸುಳ್ಳು ಹೇಳಿ ಮರೆತು ನಿದ್ದೆ ಮಾಡುತ್ತಾರೆ. ಲೆಕ್ಕ ಬರೆಯುವವನಿಗೆ ಆ ಭಾಗ್ಯವಿಲ್ಲ. ನನ್ನ ಸುಳ್ಳು ದಿನ, ವಾರ ಸಮೇತ ನನ್ನ ಪೆಟ್ಟಿಗೆಯಲ್ಲೇ ಇತ್ತು. ಒಂದು ಕಡೆ ಅಮ್ಮ ಇದ್ದಿಲಿನಲ್ಲಿ ಹಾಕಿದ ನಲವತ್ತೊಂದು ಗೆರೆ, ಇನ್ನೊಂದು ಕಡೆ ಅವಳ ಮಗ ನೀಲಿ ಶಾಯಿಯಲ್ಲಿ ಬರೆದ ಎರಡು ಎಂಬ ಅಂಕಿ. ನಿಜ ಬರೆದರೆ ವಾಪಸ್ ಹೋಗಬೇಕು. ಬರೆಯದಿದ್ದರೆ ಪ್ರತಿ ಭಾನುವಾರ ಹೀಗೇ ಕೂತು ಪೆನ್ನು ಕಚ್ಚಬೇಕು.

ಆಗ ನನ್ನಂಥವನಿಗೇ ಹೊಳೆಯಬಹುದಾದ ಉಪಾಯ ಹೊಳೆಯಿತು. ನೋಯ್ ಅಕ್ಕನ ಊಟ ದಿನಾ ತಿಂದರೂ ಕೆಡುಕಿಲ್ಲ ಎಂದು ಸಾಬೀತು ಮಾಡಿ, ಸಾಕ್ಷಿ ಸಮೇತ ನಿಜ ಬರೆದುಬಿಡುವುದು. ಮೂರು ತಿಂಗಳ ಪರೀಕ್ಷೆ. ಡೈರಿಯಲ್ಲಿ ಅಂಕಣ ಎಳೆದೆ: ಎಣ್ಣೆ, ಉಪ್ಪುನೀರು, ಸಕ್ಕರೆ, ಸೊಪ್ಪು ತರಕಾರಿ, ಹೊಟ್ಟೆ, ಕಣ್ಣಿನ ಬಣ್ಣ. ದಿನಾ ಒಂದು ಗಂಟೆಗೆ ಹೋಗಿ ಒಲೆಯ ಎದುರು ನಿಂತು ಅವರು ಎಷ್ಟು ಚಮಚ ಹಾಕಿದರು ಎಂದು ನೋಡಿ ಬರೆಯುತ್ತಿದ್ದೆ. ಬಾಣಲೆಗೆ ಸುರಿದ ಎಣ್ಣೆಗೆ ಚಮಚದ ಲೆಕ್ಕ ಸಿಗುತ್ತಿರಲಿಲ್ಲ. ಅದಕ್ಕೆ ಆಫೀಸಿನಿಂದ ಗ್ರಾಫ್ ಹಾಳೆ ತಂದೆ. ಅನ್ನದ ಮೇಲೆ ಹಾಳೆಯನ್ನು ಮೆಲ್ಲಗೆ ಒತ್ತಿ, ಹತ್ತು ಎಣಿಸಿ, ತೆಗೆದು, ಕಲೆ ಎಷ್ಟು ಚೌಕಕ್ಕೆ ಹರಡಿದೆ ಎಂದು ಬರೆಯುವುದು. ಅದನ್ನು ಮಾಡುವಾಗ ನಾನು ಬಹಳ ಗಂಭೀರವಾಗಿರುತ್ತಿದ್ದೆ. ಆಫೀಸಿನ ಟೈ ಬೇರೆ ಇರುತ್ತಿತ್ತು. ಇದು ಮುಂದೆ ಮುಖ್ಯವಾಗುತ್ತದೆ.

ಹೋಲಿಸಿ ನೋಡಲು ಮನೆಯ ಊಟವೂ ಬೇಕಲ್ಲ. ಒಂದು ಸಂಜೆ ಫೆಲಿಕ್ಸಣ್ಣ ಹುರಿದ ಬಂಗುಡೆಯ ಮೇಲೆ ಹಾಳೆ ಒತ್ತಿದೆ.

"ಎಂತ ಮಾಡುದು ನೀನು?"

"ಎಣ್ಣೆ ನೋಡ್ತಿದೀನಿ ಫೆಲಿಕ್ಸಣ್ಣ."

"ನನ್ನ ಬಂಗುಡೆಗೆ ಗ್ರಾಫ್ ಹಾಕುದಾ? ನಿನ್ನ ಕಟ್ಟಡಕ್ಕೆ ಹಾಕು ಮಾರಾಯ, ಬೀಳದೆ ನಿಲ್ತದಾ ನೋಡುವ! ಎಷ್ಟು ಬಂತು?"

"ಐವತ್ನಾಲ್ಕು."

"ಆ ಥಾಯ್ ಹೆಂಗಸಿದ್ದು?"

"ಮೂವತ್ತೆಂಟು."

ಫೆಲಿಕ್ಸಣ್ಣ ಬಂಗುಡೆಯನ್ನು ನನ್ನ ತಟ್ಟೆಯಿಂದ ತಮ್ಮ ತಟ್ಟೆಗೆ ಎತ್ತಿ ಹಾಕಿಕೊಂಡರು. "ನಿನಗೆ ಇವತ್ತು ಸೊನ್ನೆ ಚೌಕ. ಮೊಸರನ್ನ ತಿನ್ನು, ಆರೋಗ್ಯಕ್ಕೆ ಒಳ್ಳೇದು."

ಮೂರನೆಯ ವಾರದಿಂದ ಒಂದು ಅದ್ಭುತ ನಡೆಯತೊಡಗಿತು. ಚೌಕಗಳು ಇಳಿಯುತ್ತಾ ಬಂದವು. ಮೂವತ್ತೆಂಟು, ಮೂವತ್ತು, ಇಪ್ಪತ್ತಾರು. ಬಿಳಿಪುಡಿಯ ಡಬ್ಬಿ ಕಾಣೆಯಾಯಿತು. ಸಕ್ಕರೆ ಅರ್ಧ ಚಮಚಕ್ಕೆ ಇಳಿಯಿತು. ತಟ್ಟೆಯ ಅಂಚಿಗೆ ಸೌತೆಕಾಯಿ ಬಂತು, ಆಮೇಲೆ ಎಲೆಕೋಸು ಬಂತು, ಆಮೇಲೆ ಕಡಲೆಬೀಜ ನಿಂಬೆರಸ ಹಾಕಿ ಒರಳಲ್ಲಿ ಜಜ್ಜಿದ ಪರಂಗಿಕಾಯಿಯ ಒಂದು ಬಗೆ ಬಂತು, ನಮ್ಮ ಕೋಸಂಬರಿಯ ಖಾರದ ತಂಗಿ. ನೋಯ್ ಅಕ್ಕ ತಲೆಗೆ ಬಿಳಿ ಟೋಪಿ ಹಾಕಿದರು. ಗೋಡೆಗೆ ಸುಣ್ಣ ಬಿತ್ತು. ನಾನು ‘ಸುಧಾರಣೆ’ ಎಂದು ಇನ್ನೊಂದು ಅಂಕಣ ಎಳೆದು ಎಲ್ಲವನ್ನೂ ಬರೆದುಕೊಂಡೆ. ಒಳ್ಳೆಯ ಅಡಿಗೆಯವರು ದಿನದಿಂದ ದಿನಕ್ಕೆ ಬೆಳೆಯುತ್ತಾರೆ ಎಂದು ಒಂದು ವಾಕ್ಯವನ್ನೂ ಸೇರಿಸಿದ್ದೇನೆ. ಈಗ ಓದಿದರೆ ಆ ಪುಟವನ್ನು ಹರಿದುಬಿಡೋಣ ಅನಿಸುತ್ತದೆ. ಪುಟದ ಎಣಿಕೆ ತಪ್ಪುತ್ತದೆ ಎಂದು ಹರಿದಿಲ್ಲ.

ಒಂದು ವಿಷಯ ಮಾತ್ರ ಸ್ವಲ್ಪ ಬೇಸರ ತಂದಿತ್ತು. ಮೊದಮೊದಲು ನಗುನಗುತ್ತಾ ಹಾರ್ನಿನವರನ್ನು ಬೈಯುತ್ತಾ ಅಡಿಗೆ ಮಾಡುತ್ತಿದ್ದ ನೋಯ್ ಅಕ್ಕ ನಾನು ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ಊಟದ ರುಚಿಯೂ ಯಾಕೋ ಹಳೆಯ ಹಾಗಿರಲಿಲ್ಲ. ಆದರೆ ರುಚಿಗೆ ನಾನು ಅಂಕಣ ಎಳೆದಿರಲಿಲ್ಲವಲ್ಲ.

ಮೂರು ತಿಂಗಳು ತುಂಬುವ ಹೊತ್ತಿಗೆ ಇಪ್ಪತ್ಮೂರು ಚೌಕ. ಹೊಟ್ಟೆ ನೋವು ಸೊನ್ನೆ. ಕಣ್ಣು ಬಿಳಿ. ಅಮ್ಮನಿಗೆ ಬರೆಯಬೇಕಾದ ಕಾಗದದ ಕರಡು ಸಿದ್ಧವಾಗಿತ್ತು: ‘ಅಮ್ಮಾ, ನಾನು ಎರಡು ಎಂದು ಬರೆದದ್ದು ಸುಳ್ಳು. ನಿಜವಾಗಿ ಆರು. ಆದರೆ ಕೆಳಗಿನ ಪಟ್ಟಿ ನೋಡು...’

ಆಗ ಇಲ್ಲಿ ವಾರದ ರಜೆ ಶುಕ್ರವಾರ, ಆ ಗುರುವಾರ ಅರ್ಧ ದಿನದ ಕೆಲಸ. ಫೆಲಿಕ್ಸಣ್ಣ ನನ್ನ ಜೊತೆ ಬಂದರು. "ಆ ಇಪ್ಪತ್ಮೂರು ಚೌಕದ್ದು ಎಂತ ಅಂತ ನಾನೂ ನೋಡುವ" ಎಂದರು. ನಾನು ಮೇಜಿನ ಮೇಲೆ ಹಾಳೆ ಒತ್ತುವುದರಲ್ಲಿ ಮುಳುಗಿದ್ದಾಗ ಅವರು ಒಲೆಯ ಹತ್ತಿರ ನಿಂತು ನೋಯ್ ಅಕ್ಕನ ಜೊತೆ ಮಾತಿಗೆ ಇಳಿದರು. ನೋಯ್ ಅಕ್ಕನ ಮಾತು ಅರಬ್ಬಿ, ಹಿಂದಿ, ಇಂಗ್ಲಿಷು ಮೂರನ್ನೂ ಒಂದೇ ಬಾಣಲೆಯಲ್ಲಿ ತಿರುವಿದ್ದು. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

"ನೀವು ಮಿಸ್ಟರ್‌ನ ದೋಸ್ತಾ?" ಎಂದು ಪಿಸುಗುಟ್ಟಿದರು. "ಅವರು ಯಾವಾಗ ಪೇಪರ್ ಕೊಡ್ತಾರೆ?"

"ಎಂತ ಪೇಪರ್?"

"ಬಲದಿಯಾ ಪೇಪರ್! ಮೂರು ತಿಂಗಳು ಬರೀತಾರೆ, ಬರೀತಾರೆ, ಬರೀತಾರೆ. ಒಳ್ಳೇದು ಅಂತಾನೂ ಇಲ್ಲ, ಖಲಾಸ್ ಅಂತಾನೂ ಇಲ್ಲ. ನನ್ನ ಕಫೀಲ್ ಹೇಳಿದ್ರು, ನೋಯ್, ಸುಮ್ಮನೆ ಇರು, ಒಳ್ಳೆ ಊಟ ಕೊಡು. ಕೊಡ್ತಿದೀನಿ. ಹೆದರಿ ಹೆದರಿ ನನಗೆ ಹೊಟ್ಟೆ ನೋವು."

ಕಫೀಲ್ ಎಂದರೆ ಪರದೇಶದವರ ವೀಸಾಕ್ಕೂ ಅಂಗಡಿಗೂ ಜವಾಬ್ದಾರನಾದ ಇಲ್ಲಿಯ ಯಜಮಾನ. ಬಲದಿಯಾ ಎಂದರೆ ಇಲ್ಲಿಯ ನಗರಸಭೆ. ಅಲ್ಲಿಯ ಆರೋಗ್ಯ ತನಿಖೆಯವರು ಬಂದರೆ ಎಂಥ ಹೋಟೆಲಿನವರೂ ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾರೆ. ಟೈ ಕಟ್ಟಿಕೊಂಡು, ಪುಸ್ತಕ ಹಿಡಿದುಕೊಂಡು, ಅನ್ನದ ಮೇಲೆ ಗ್ರಾಫ್ ಹಾಳೆ ಒತ್ತುವ ಮನುಷ್ಯ ಇನ್ನು ಯಾರಾಗಿದ್ದಾನು?

ಫೆಲಿಕ್ಸಣ್ಣ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕರು. ಹೊಸ ಸುಣ್ಣ ಅಂಗಿಗೆ ಮೆತ್ತಿಕೊಂಡಿತು. "ಪ್ರಸನ್ನ, ಬಾ ಇಲ್ಲಿ! ನೀನು ಬಲದಿಯಾ ಅಂತೆ ಮಾರಾಯ! ಗವರ್ಮೆಂಟ್ ಕೆಲಸ ಸಿಕ್ಕಿದ್ದು ಮನೆಯಲ್ಲಿ ಹೇಳ್ಲೇ ಇಲ್ಲ ನೀನು!"

ನನಗೆ ನಗು ಬರಲಿಲ್ಲ. ಮೊದಲು ಹೊಳೆದದ್ದು ನನ್ನ ಪಟ್ಟಿ ಹಾಳಾಯಿತಲ್ಲ ಎಂದು. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ಅದೇ ಮೊದಲು ಹೊಳೆದದ್ದು. ನಾನು ತಿಂದದ್ದು ಬೀದಿಯ ಊಟವಲ್ಲ, ಹೆದರಿಕೆಯ ಊಟ. ಇಪ್ಪತ್ಮೂರು ಚೌಕ ನೋಯ್ ಅಕ್ಕನದಲ್ಲ, ನನ್ನ ಟೈಯದು. ಆಮೇಲೆ, ಎರಡನೆಯದಾಗಿ, ಅವರ ಮುಖ ನೋಡಿದೆ. ನನ್ನ ‘ಹೊಟ್ಟೆ’ ಅಂಕಣದಲ್ಲಿ ಮೂರು ತಿಂಗಳು ಸೊನ್ನೆ ಇತ್ತು. ನೋವು ಇದ್ದದ್ದು ಒಲೆಯ ಆಚೆ ಕಡೆ.

ಹೋಗಿ ಎಲ್ಲ ಹೇಳಿದೆ. ಅಮ್ಮ, ಕಾಮಾಲೆ, ತಲೆಯ ಮೇಲೆ ಕೈಯಿಟ್ಟ ಮಾತು, ಎರಡು, ಆರು. ಮೂರು ಭಾಷೆಯಲ್ಲಿ ತಡವರಿಸಿ ಹೇಳುವಾಗ ಕಾಮಾಲೆಗೆ ಯಾವುದರಲ್ಲೂ ಪದ ಗೊತ್ತಿಲ್ಲದೆ ಕಣ್ಣು ತೋರಿಸಿ, ಪಕ್ಕದಲ್ಲಿದ್ದ ಅರಿಶಿನದ ಡಬ್ಬಿ ತೋರಿಸಿದೆ. ನೋಯ್ ಅಕ್ಕ ಒಲೆ ಸಣ್ಣ ಮಾಡಿದರು. ಟೋಪಿ ತೆಗೆದರು. ಸೌಟಿನ ಹಿಡಿಯಿಂದ ನನ್ನ ತೋಳಿಗೆ ಒಂದು ಬಿಟ್ಟರು, ಜೋರಾಗಿಯೇ.

"ಬಲದಿಯಾ ಇಲ್ಲ?"

"ಇಲ್ಲ."

"ಅಮ್ಮನ ಬಲದಿಯಾ?"

"ಹೌದು ಅಕ್ಕ."

"ಕೂತ್ಕೋ."

ಬಿಳಿಪುಡಿಯ ಡಬ್ಬಿ ಎಲ್ಲಿಂದಲೋ ಹೊರಗೆ ಬಂತು. ಎಣ್ಣೆ ಧಾರಾಳವಾಗಿ ಬಿತ್ತು. ಸಕ್ಕರೆ ಬಿತ್ತು. ಹೊರಗೆ ಹಾರ್ನ್ ಹೊಡೆದವನನ್ನು ಮೂರು ತಿಂಗಳ ಬಾಕಿ ಸೇರಿಸಿ ಬೈದರು. ತಟ್ಟೆ ನನ್ನ ಎದುರು ಇಟ್ಟು, "ಈಗ ಹಾಳೆ ಒತ್ತು" ಎಂದರು. ಒತ್ತಿದೆ. ಅರವತ್ತೊಂದು ಚೌಕ. ಎಣಿಸುವಷ್ಟರಲ್ಲಿ ಫೆಲಿಕ್ಸಣ್ಣ ಅರ್ಧ ತಟ್ಟೆ ಮುಗಿಸಿದ್ದರು. ಉಳಿದದ್ದನ್ನು ನಾನು ತಿಂದೆ. ಮೊದಲ ದಿನದ ರುಚಿ ವಾಪಸ್ ಬಂದಿತ್ತು.

ಆ ಮೂರು ತಿಂಗಳು ಆ ಓಣಿಯಲ್ಲಿ ಒಂದರಿಂದ ಎರಡು ಗಂಟೆಯೊಳಗೆ ಉಂಡವರ ಆರೋಗ್ಯವೆಲ್ಲ ನನ್ನಿಂದ ಸುಧಾರಿಸಿರಬೇಕು ಎಂದು ಫೆಲಿಕ್ಸಣ್ಣ ದಾರಿಯುದ್ದಕ್ಕೂ ಹೇಳುತ್ತಾ ಬಂದರು. ಕರಡನ್ನು ಹರಿದುಹಾಕಿ ಆ ಭಾನುವಾರ ಹೊಸ ಕಾಗದ ಬರೆದೆ. ಇನ್ನು ಸಾಬೀತು ಮಾಡಲು ಏನೂ ಉಳಿದಿರಲಿಲ್ಲ. ಅದಕ್ಕೇ ಇರಬೇಕು, ನಿಜ ಸಲೀಸಾಗಿ ಬಂತು. ಆರು ಸಲ ಎಂದು ಬರೆದೆ. ಕೋಳಿ ಎಂದು ಬರೆದೆ. ಇಪ್ಪತ್ಮೂರು ಚೌಕ ಯಾಕೆ ಸುಳ್ಳು, ಅರವತ್ತೊಂದು ಯಾಕೆ ನಿಜ ಎಂದು ಬರೆದೆ. ನೋಯ್ ಅಕ್ಕನ ಹೊಟ್ಟೆ ನೋವನ್ನೂ ಬರೆದೆ. ‘ನೀನು ವಾಪಸ್ ಬಾ ಎಂದರೆ ಬರುತ್ತೇನೆ’ ಎಂದು ಮುಗಿಸಿ, ಅಂಚೆಪೆಟ್ಟಿಗೆಯ ಬಾಯಿಗೆ ಹಾಕಿ, ಬಿದ್ದ ಸದ್ದು ಕೇಳಿಸಿಕೊಂಡು ಬಂದೆ.

ಕಾಗದ ಊರು ಮುಟ್ಟಲು ಹತ್ತು ದಿನ, ಉತ್ತರ ಬರಲು ಹತ್ತು ದಿನ. ಕಾದಷ್ಟೂ ದಿನ ಡೈರಿಯಲ್ಲಿ ಅಮ್ಮನ ಹಾಗೇ ಗೆರೆ ಹಾಕಿದೆ. ನಾಲ್ಕು ನಿಂತದ್ದು, ಒಂದು ಅಡ್ಡ. ಓಣಿಯ ಕಡೆ ಹೋಗಲಿಲ್ಲ. ಬಿಸ್ಕತ್ತು, ಬಾಳೆಹಣ್ಣು ತಿಂದುಕೊಂಡು ನಕ್ಷೆಯ ಮೇಜಿನ ಮೇಲೆ ತಲೆಯಿಟ್ಟು ನಾಲ್ಕು ಗಂಟೆ ಕಾಯುತ್ತಿದ್ದೆ. ಫೆಲಿಕ್ಸಣ್ಣ ಗೇಲಿ ನಿಲ್ಲಿಸಿದರು. ಅದು ಇನ್ನೂ ಕಷ್ಟವಾಯಿತು. ಒಂದು ಸಂಜೆ ಎರಡು ಬಂಗುಡೆ ನನ್ನ ತಟ್ಟೆಗೆ ಹಾಕಿ, "ಅಮ್ಮ ಬಾ ಅಂದ್ರೆ ಹೋಗುದೇ ಆಯ್ತಲ್ಲ, ಅದಕ್ಕೆಂತ ಇಷ್ಟು ಬಾಡುದು? ಮತ್ತೆ ಪಾತ್ರೆ ತೊಳಿಲಿಕ್ಕೆ ಯಾರನ್ನು ಹುಡುಕುದು ಅಂತ ನನಗೆ ಚಿಂತೆ, ಅಷ್ಟೇ" ಎಂದರು.

ಇಪ್ಪತ್ತೆರಡನೆಯ ಗೆರೆಯ ದಿನ ಉತ್ತರ ಬಂತು. ನೀಲಿ ಅಂತರ್ದೇಶೀಯದ ಹಾಗಿರುವ ಆ ವಿಮಾನ ಕಾಗದದ ಅಂಚನ್ನು ಮೆಲ್ಲಗೆ ಬಿಡಿಸಿದೆ. ಅದು ಈಗಲೂ ನನ್ನ ಹತ್ತಿರ ಇದೆ.

‘ಚಿರಂಜೀವಿ ಪ್ರಸನ್ನನಿಗೆ ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ. ನೀನು ಎರಡು ಅಂತ ಬರೀತಿದ್ದಾಗಲೇ ನನಗೆ ಅನುಮಾನ ಇತ್ತು. ಒಂದು ವಾರಾನೂ ಒಂದು ಆಗಲಿಲ್ಲ, ಮೂರು ಆಗಲಿಲ್ಲ, ಬರೀ ಎರಡು ಅಂದರೆ ಯಾರು ನಂಬುತ್ತಾರೆ. ನಿನ್ನ ಚೌಕದ ವಿಚಾರ ಮೂರು ಸಲ ಓದಿದೆ, ಅರ್ಥ ಆಗಲಿಲ್ಲ. ಇಷ್ಟು ಬರೆದವನು ಒಂದು ಮಾತು ಬರೆದೇ ಇಲ್ಲ. ಆ ಹೆಂಗಸು ತಾನು ಏನು ತಿನ್ನುತ್ತಾಳೆ? ಪಾಪ, ಹೊಟ್ಟೆ ನೋವು ಬೇರೆ ತರಿಸಿದ್ದೀಯ. ಅವಳು ಉಣ್ಣುವುದನ್ನೇ ನಿನಗೂ ಹಾಕು ಅಂತ ಕೇಳು. ಮಾಡಿದವಳು ದಿನಾ ತಿನ್ನುವಂಥದ್ದಾದರೆ ನೀನೂ ದಿನಾ ತಿನ್ನು. ಅವಳು ತಿನ್ನದೆ ನಿನಗೆ ಮಾತ್ರ ಹಾಕುವಂಥದ್ದಾದರೆ ಅದು ವಾರಕ್ಕೆ ಎರಡೇ ಸಲ. ಅದೂ ಆಗದಿದ್ದರೆ ಹೊರಟು ಬಾ.’

ಓದಿ ಡೈರಿಯ ಅಂಕಣಗಳನ್ನೆಲ್ಲ ಮತ್ತೆ ತಿರುವಿ ನೋಡಿದೆ. ಮೂರು ತಿಂಗಳು ಒಲೆಯ ಎದುರು ನಿಂತಿದ್ದೇನೆ. ಚಮಚ ಎಣಿಸಿದ್ದೇನೆ, ಚೌಕ ಎಣಿಸಿದ್ದೇನೆ, ತುಳಸಿಯ ಎಲೆಯನ್ನೂ ಒಂದು ದಿನ ಎಣಿಸಿದ್ದೇನೆ. ನೋಯ್ ಅಕ್ಕ ಊಟ ಮಾಡುವುದನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಅಂಥದ್ದೊಂದು ಅಂಕಣ ಇರಬಹುದು ಎಂದೇ ತಲೆಗೆ ಬಂದಿರಲಿಲ್ಲ.

ಮಾರನೆಯ ದಿನ ಒಂದು ಗಂಟೆಗೆ ಹೋಗದೆ ಮೂರಕ್ಕೆ ಹೋದೆ. ಓಣಿ ಖಾಲಿ. ಅಂಗಡಿಯ ಕಬ್ಬಿಣದ ಬಾಗಿಲು ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ನೋಯ್ ಅಕ್ಕ ಒಂದು ಸ್ಟೂಲಿನ ಮೇಲೆ ಕೂತು, ಇನ್ನೊಂದು ಸ್ಟೂಲನ್ನೇ ಮೇಜು ಮಾಡಿಕೊಂಡು ಬಟ್ಟಲಿನಿಂದ ಏನೋ ಕುಡಿಯುತ್ತಿದ್ದರು.

"ಅಕ್ಕ, ಏನು ತಿಂತಿದೀರಿ?"

"ಯಾಕೆ? ಮತ್ತೆ ಬಲದಿಯಾ?" ಎಂದು ಸೌಟಿಗೆ ಕೈ ಹಾಕಿದರು.

"ಅಮ್ಮ ಕೇಳಿದಾರೆ."

ಸೌಟು ಬಿಟ್ಟು ಬಟ್ಟಲನ್ನು ನನ್ನ ಕಡೆ ವಾಲಿಸಿದರು. ಬೆಳಗಿನ ಅನ್ನಕ್ಕೆ ನೀರು ಹಾಕಿ ಮತ್ತೆ ಬೇಯಿಸಿದ್ದು. ತೆಳ್ಳಗೆ, ಬೆಳ್ಳಗೆ, ಹಬೆಯಾಡುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಉಪ್ಪುನೀರಿನಲ್ಲಿ ನೆನೆಹಾಕಿದ ಒಂದು ಮೊಟ್ಟೆ, ಹುಳಿ ಬರಿಸಿದ ಸೊಪ್ಪು, ಚೂರು ಒಣಮೀನು. ಎಷ್ಟು ಹೆಸರು ಬದಲಿಸಿದರೂ ಅದು ಗಂಜಿ.

"ದಿನಾ ಇದೇನಾ?"

"ದಿನಾ ಇದೇ. ನಮ್ಮ ಅಮ್ಮನೂ ಇದೇ."

"ಮತ್ತೆ ಆ ತುಳಸಿ ಕೋಳಿ?"

ನೋಯ್ ಅಕ್ಕ ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದರು. "ಅದು ಆಸೆಗೆ, ಮಿಸ್ಟರ್. ನಮ್ಮೂರಲ್ಲಿ ಬೀದೀಲಿ ಎಲ್ಲರೂ ತಿಂತಾರೆ. ಆದ್ರೆ ಇವತ್ತು ಈ ಗಾಡಿ, ನಾಳೆ ಸೂಪಿನ ಗಾಡಿ, ನಾಡಿದ್ದು ಗಂಜಿ ಗಾಡಿ. ನೀನು ಮೂರು ತಿಂಗಳು ಒಂದೇ ಗಾಡಿ ಮುಂದೆ ಒಂದೇ ತಟ್ಟೆ. ಯಾರೂ ಹಾಗೆ ತಿನ್ನಲ್ಲ. ಅದಕ್ಕೇ ನಾನು ಅಂದ್ಕೊಂಡೆ, ಇವರು ಬಲದಿಯಾನೇ."

ಆಮೇಲೆ, ನಾನು ಕೇಳುವ ಮೊದಲೇ, ಎದ್ದು ಇನ್ನೊಂದು ಬಟ್ಟಲು ತಂದರು. ಗಂಜಿ ಬಡಿಸಿ, ತಮ್ಮ ಮೊಟ್ಟೆಯನ್ನು ಅರ್ಧ ಮಾಡಿ ನನ್ನ ಬಟ್ಟಲಿಗೆ ಹಾಕಿದರು. ಒಂಬತ್ತು ವರ್ಷದ ಹುಡುಗ ಹಾಸಿಗೆಯಲ್ಲಿ ಮಲಗಿ ಮಾಡಿದ ಶಪಥ ಜ್ಞಾಪಕಕ್ಕೆ ಬಂತು. ಸಮುದ್ರ ದಾಟಿ ಬಂದರೂ ಗಂಜಿ ನನಗಿಂತ ಮೊದಲೇ ಬಂದು ಕೂತಿತ್ತು. ಚಮಚ ಎತ್ತಿದೆ. ಬಿಸಿ, ಉಪ್ಪು, ಸ್ವಲ್ಪ ಹುಳಿ. ನಲವತ್ತೊಂದು ದಿನ ಅಮ್ಮ ಆರಿಸಿ ಆರಿಸಿ ಕುಡಿಸಿದ್ದರ ರುಚಿ ಆಗ ನನಗೆ ಗೊತ್ತೇ ಆಗಿರಲಿಲ್ಲ. ಕಣ್ಣು ಬಾಗಿಲ ಹಿಂದಿನ ಗೆರೆಯ ಮೇಲಿತ್ತಲ್ಲ.

"ಚೆನ್ನಾಗಿದೆಯಾ?"

"ಚೆನ್ನಾಗಿದೆ ಅಕ್ಕ."

"ಬರ್ಕೋ."

ಜೇಬಿನಲ್ಲಿ ಡೈರಿ ಇತ್ತು. ತೆಗೆಯಲಿಲ್ಲ. ಅಂದಿನಿಂದ ಮೂರು ಗಂಟೆಗೆ ಆ ಅರ್ಧ ಬಾಗಿಲಿನ ಕೆಳಗೆ ಬಗ್ಗಿ ಒಳಗೆ ಹೋಗುವುದು ನನ್ನ ಅಭ್ಯಾಸವಾಯಿತು. ಮಾತು ಇಬ್ಬರಿಗೂ ಅಷ್ಟಾಗಿ ಬಾರದ ಕಾರಣ ಹೆಚ್ಚು ಹೊತ್ತು ಸುಮ್ಮನೇ ಉಣ್ಣುತ್ತಿದ್ದೆವು. ಭಾನುವಾರ ಮತ್ತು ಬುಧವಾರ ಮಾತ್ರ ನಾನು ಗಿರಾಕಿ. ಒಂದು ಗಂಟೆಗೆ ಹೋಗಿ, ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು, ತುಳಸಿ ಕೋಳಿ, ಅರವತ್ತೊಂದು ಚೌಕದ್ದು, ಬಿಳಿಪುಡಿ ಸಮೇತ.

ಹೀಗೆ ಮೊದಲ ವಾರ ಕಳೆದು ಭಾನುವಾರ ಕಾಗದ ಬರೆಯಲು ಕೂತಾಗ ಫೆಲಿಕ್ಸಣ್ಣ ಬಂಗುಡೆಗೆ ಮಸಾಲೆ ಹಚ್ಚುತ್ತಾ ಒಳಗಿನಿಂದ ಕೂಗಿದರು: "ಎಷ್ಟು ಅಂತ ಬರಿತೀ ಈ ಸಲ?"

ನೋಯ್ ಅಕ್ಕನ ಬಟ್ಟಲಿನಲ್ಲಿ ಉಂಡದ್ದನ್ನು ಯಾವ ಅಂಕಣಕ್ಕೆ ಹಾಕಬೇಕು ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಬಹಳ ಹೊತ್ತೇನೂ ಬೇಕಾಗಲಿಲ್ಲ. ಆಮೇಲೆ ಎಂದಿನ ಜಾಗದಲ್ಲಿ ಎಂದಿನ ಅಂಕಿಯನ್ನೇ ಬರೆದೆ: ‘ಹೊರಗೆ, ಎರಡು ಸಲ.’

ಬರೆದು ಡೈರಿ ತೆರೆದು ನೋಡಿದೆ. ಎರಡೇ ಇತ್ತು.